ಪಾಠಶಾಲೆಯ ದಾರಿಯೂ ಮಳೆಯ ನೀರೂ

ಪಾಠಶಾಲೆಯ ವಿಷಯವಾಗಿ ಮಾತನಾಡುವಾಗ ನಾವು ಸಾಮಾನ್ಯವಾಗಿ ಅದರ ಬಾಗಿಲಿನಿಂದ ಒಳಗೆ ನಡೆಯುವ ಸಂಗತಿಗಳನ್ನು ಮಾತ್ರ ವಿಚಾರಿಸುತ್ತೇವೆ. ಪಾಠಗಳು ಹೇಗೆ ಸಾಗುತ್ತಿವೆ, ಪರೀಕ್ಷೆಯಲ್ಲಿ ಎಷ್ಟು ಮಂದಿ ತೇರ್ಗಡೆಯಾದರು, ಸಂಗೀತಕ್ಕೂ ಹೊಲಿಗೆಗೂ ಏನು ಏರ್ಪಾಡುಂಟು, ಇವೇ ನಮ್ಮ ಪ್ರಶ್ನೆಗಳು. ಆದರೆ ಹುಡುಗಿಯೊಬ್ಬಳು ಮನೆಯ ಹೊಸ್ತಿಲನ್ನು ದಾಟಿ ಪಾಠಶಾಲೆಯ ಗೇಟನ್ನು ಮುಟ್ಟುವವರೆಗೆ ನಡೆಯುವ ಆ ಒಂದು ಮೈಲಿ ಯಾರ ಅಧೀನದಲ್ಲಿರುವುದು? ಉಪಾಧ್ಯಾಯಿನಿಯರು ಅದು ಮನೆಯವರ ಹೊಣೆಯೆನ್ನುವರು. ಮನೆಯವರು ಅದು ಸರ್ಕಾರದ ಹೊಣೆಯೆನ್ನುವರು. ಸರ್ಕಾರದಲ್ಲಿಯೋ, ರಸ್ತೆಯವರು ಮೋರಿಯವರ ಕಡೆಗೂ ಮೋರಿಯವರು ಪೊಲೀಸರ ಕಡೆಗೂ ಬೊಟ್ಟುಮಾಡುವರು. ಹೀಗೆ ಹತ್ತು ಮಂದಿಗೆ ಸೇರಿದ ದಾರಿಯು ಯಾರಿಗೂ ಸೇರದ ದಾರಿಯಾಗಿ ಉಳಿದಿದೆ.

ಆ ಒಂದು ಮೈಲಿಯನ್ನು ಕುರಿತು ಕೆಲವು ವಿಷಯಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ತಾಯಿತಂದೆಗಳ ಮುಂದೆಯೂ ಇಡಬೇಕೆಂಬುದು ಈ ಲೇಖನದ ಉದ್ದೇಶ. ಉದಾಹರಣೆಗೆ ಬೆಂಗಳೂರನ್ನು ತೆಗೆದುಕೊಂಡಿದ್ದೇನೆ. ಮಕ್ಕಳು ನಡೆಯುವ ದಾರಿ, ಅವರು ಆಡುವ ಬಯಲು, ಮಳೆಯ ನೀರು ಹರಿಯುವ ಕಾಲುವೆ, ಈ ಮೂರನ್ನೂ ನಾವು ಮೂರು ಬೇರೆ ಬೇರೆ ಕೆಲಸಗಳೆಂದು ಎಣಿಸಿದ್ದೇವೆ. ವಾಸ್ತವವಾಗಿ ಅವು ಒಂದೇ ನೆಲದ ಮೂರು ಉಪಯೋಗಗಳು. ಒಂದನ್ನು ಮಾತ್ರ ನೋಡಿ ನೆಲವನ್ನು ಹಂಚಿದಲ್ಲಿ ಉಳಿದೆರಡೂ ಕೆಡುವುದಲ್ಲದೆ, ಕೆಲವು ಕಾಲದ ಮೇಲೆ ಮೊದಲನೆಯದೂ ಕೆಡುವುದು.

ಬೆಂಗಳೂರು ನದಿಯ ದಡದ ಊರಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲೆ ಕುಳಿತಿರುವ ಊರು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆಯು ವೃಷಭಾವತಿಯ ಕಣಿವೆಯನ್ನು ಹಿಡಿದು ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಸೇರುವುದು. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳದ ಕಣಿವೆ, ಕೋರಮಂಗಲ-ಚಲ್ಲಘಟ್ಟದ ಕಣಿವೆ ಎಂಬ ಎರಡು ದಾರಿಗಳಿಂದ ಇಳಿದು ದಕ್ಷಿಣ ಪಿನಾಕಿನಿಯನ್ನು ಕೂಡಿ ತಮಿಳುನಾಡಿಗೆ ಹೋಗುವುದು. ಶಾಂತಿನಗರದ ಒಂದು ಮನೆಯ ಅಂಗಳದಿಂದ ಹೊರಟ ನೀರು ಬೆಳ್ಳಂದೂರನ್ನೂ ವರ್ತೂರನ್ನೂ ಕಂಡು ಮುಂದೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಮ್ಮ ಭೂಗೋಳದ ಪಾಠಗಳಲ್ಲಿ ಗಂಗಾನದಿಯ ಉಗಮವನ್ನು ಕಲಿಸುತ್ತೇವೆ. ನಮ್ಮ ಅಂಗಳದ ನೀರು ಯಾವ ಸಮುದ್ರಕ್ಕೆ ಹೋಗುವುದೆಂಬುದನ್ನು ಕಲಿಸುವ ಪಾಠಶಾಲೆಗಳು ಬಹಳವಾಗಿ ಇರಲಾರವು.

ನದಿಯಿಲ್ಲದ ಈ ದಿಣ್ಣೆಯಲ್ಲಿ ನೆಲೆಸಿದ ಹಿಂದಿನವರು ಕಣಿವೆಗಳಿಗೆ ಅಡ್ಡಲಾಗಿ ಏರಿಗಳನ್ನು ಹಾಕಿ ಮೆಟ್ಟಿಲು ಮೆಟ್ಟಿಲಾಗಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯು ತುಂಬಿ ಕೋಡಿ ಬಿದ್ದಾಗ ಹೆಚ್ಚಾದ ನೀರು ರಾಜಕಾಲುವೆಯನ್ನು ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ತೂಬನ್ನು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯೆಂಬವನಿದ್ದನು. ಏರಿಯ ಮೇಲೆ ಜನರು ನಡೆಯುತ್ತಿದ್ದರು, ಬಂಡಿಗಳೂ ಹೋಗುತ್ತಿದ್ದವು. ಕೆರೆಯ ಹಿಂಭಾಗದ ಬಯಲಿನಲ್ಲಿ ಬೇಸಗೆಯಲ್ಲಿ ದನಗಳು ಮೇಯುತ್ತಿದ್ದವು, ಹುಡುಗರು ಆಡುತ್ತಿದ್ದರು. ಊರಂಚಿನ ಗುಂಡುತೋಪಿನಲ್ಲಿ ದಾರಿಹೋಕರು ಇಳಿಯುತ್ತಿದ್ದರು. ನೀರು, ದಾರಿ, ಆಟ ಮೂರಕ್ಕೂ ಒಂದೇ ನೆಲವು ಋತುವಿಗೆ ತಕ್ಕಂತೆ ಒದಗುತ್ತಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಆ ಕಾಲವನ್ನು ಹೊಗಳುವುದಕ್ಕಾಗಿ ಇದನ್ನು ಹೇಳಲಿಲ್ಲ. ಅಂದು ಹುಡುಗಿಯರಿಗೆ ಪಾಠಶಾಲೆಯೇ ಇರಲಿಲ್ಲ. ಕೆರೆಯ ಏರಿಯ ಮೇಲೆ ಕೊಡವನ್ನು ಹೊತ್ತು ನಡೆಯುವುದೇ ಅವರ ವಿದ್ಯಾಭ್ಯಾಸವಾಗಿತ್ತು.

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ 1974ರಲ್ಲಿ ಕಾವೇರಿಯ ನೀರೂ ಸೇರಿದವು. ಇವೆಲ್ಲವೂ ಮಹೋಪಕಾರಗಳೇ. ಆದರೆ ಕುಡಿಯುವುದಕ್ಕೆ ಕೆರೆಯು ಬೇಡವಾದ ದಿನದಿಂದ ಅದು ಜನರ ಕಣ್ಣಿಗೆ ಬರಿಯ ನಿವೇಶನವಾಗಿ ತೋರತೊಡಗಿತು. ಧರ್ಮಾಂಬುಧಿ ಕೆರೆಯು ಒಣಗಿ ಸುಭಾಷ್‌ನಗರದ ಮೈದಾನವಾಯಿತು. ಆ ಮೈದಾನದ ಮೇಲೆ ಕೆಂಪೇಗೌಡ ಬಸ್ ನಿಲ್ದಾಣವು ಎದ್ದಿತು. ಸಂಪಂಗಿ ಕೆರೆಯು ಕಂಠೀರವ ಕ್ರೀಡಾಂಗಣವಾಯಿತು. ಕರಗದ ಉತ್ಸವಕ್ಕೆಂದು ಒಂದು ಚಿಕ್ಕ ಕೊಳ ಮಾತ್ರ ಅಲ್ಲಿ ಉಳಿದಿದೆ. ಕೋರಮಂಗಲದ ಕೆರೆಯಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮವನ್ನು ಕಟ್ಟಿದರು. ಚಲ್ಲಘಟ್ಟದ ಕೆರೆ ಗಾಲ್ಫ್ ಆಟದ ಮೈದಾನವಾಯಿತು. ಇವುಗಳಲ್ಲಿ ಹಲವು ಆಟಕ್ಕಾಗಿಯೇ ಮಾಡಲ್ಪಟ್ಟವು ಎಂಬುದು ವಿಚಿತ್ರವಾದ ಸಂಗತಿ. ಆಟಕ್ಕೆ ನೆಲವನ್ನು ಕೊಟ್ಟವರು ನೀರಿಗೆ ಬೇರೆ ನೆಲವನ್ನು ಕೊಡಲಿಲ್ಲ. ಮತ್ತು ಟಿಕೆಟ್ಟು ತೆಗೆದುಕೊಂಡು ಆಟ ನೋಡುವ ಸ್ಥಳವು ಬೀದಿಯ ಮಕ್ಕಳು ಆಡುವ ಬಯಲಿಗೆ ಸಮವಾಗದೆಂಬುದನ್ನು ತಾಯಂದಿರಿಗೆ ನಾನು ಹೇಳಬೇಕಾದುದಿಲ್ಲ.

ಇನ್ನು ದಾರಿಯ ವಿಷಯ. ಬೆಂಗಳೂರಿನ ಹೆಚ್ಚಿನ ಬೀದಿಗಳಲ್ಲಿ ಕಾಲುದಾರಿಯೆಂದು ನಾವು ಕರೆಯುವುದು ಏನು? ರಸ್ತೆಯ ಬದಿಯ ಮೋರಿಯ ಮೇಲೆ ಹಾಸಿದ ಕಲ್ಲು ಚಪ್ಪಡಿಗಳ ಸಾಲು. ಎಂದರೆ ಮಗುವು ನಡೆಯುವುದು ಮೋರಿಯ ಮುಚ್ಚಳದ ಮೇಲೆ. ಚಪ್ಪಡಿಯು ಗಟ್ಟಿಯಾಗಿರುವವರೆಗೆ ಅದು ದಾರಿ. ಒಡೆದ ಕ್ಷಣದಲ್ಲಿ ಅದು ಗುಂಡಿ. ಅದು ಒಡೆಯುವುದಕ್ಕೆ ಕಾರಣಗಳನ್ನು ನೀವೆಲ್ಲರೂ ಕಂಡಿದ್ದೀರಿ. ಸ್ಕೂಟರುಗಳು ಅದರ ಮೇಲೆ ಹತ್ತುತ್ತವೆ, ಕಾರುಗಳು ನಿಲ್ಲುತ್ತವೆ. ಹೂಳು ತೆಗೆಯುವವರು ಚಪ್ಪಡಿಯನ್ನು ಎತ್ತಿ ಪಕ್ಕಕ್ಕಿಟ್ಟು ಮರಳಿ ಮುಚ್ಚದೆ ಹೋಗುವುದೂ ಉಂಟು. ತೆಗೆದ ಹೂಳನ್ನು ಮೋರಿಯ ಅಂಚಿನಲ್ಲಿಯೇ ರಾಶಿ ಹಾಕುವರು. ಮುಂದಿನ ಮಳೆಯು ಅದನ್ನು ಕೊಚ್ಚಿಕೊಂಡು ಬಂದಲ್ಲಿಗೇ ಸೇರಿಸುವುದು. ಮೋರಿಯು ಕಟ್ಟಿಕೊಂಡು ನೀರು ಮೇಲೆ ಬಂದಾಗ, ಮೊಣಕಾಲುದ್ದದ ಕಂದು ನೀರಿನ ಕೆಳಗೆ ಚಪ್ಪಡಿಯು ಎಲ್ಲಿದೆ, ಗುಂಡಿಯು ಎಲ್ಲಿದೆ ಎಂಬುದು ಯಾರಿಗೂ ಕಾಣದು.

ಇದು ಬರಿಯ ಊಹೆಯಲ್ಲ. 2009ರ ಮೇ ತಿಂಗಳ ಮಳೆಯಲ್ಲಿ ಲಿಂಗರಾಜಪುರದ ಕಡೆಯಲ್ಲಿ ಆರು ವರ್ಷದ ಬಾಲಕನೊಬ್ಬನು ಮೋರಿಯಲ್ಲಿ ಕೊಚ್ಚಿಹೋದನು. 2014ರ ಅಕ್ಟೋಬರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಡೆಯಲ್ಲಿ ಒಂಬತ್ತು ವರ್ಷದ ಬಾಲಿಕೆಯೊಬ್ಬಳು ಹಾಗೆಯೇ ಹೋದಳು. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರ ದುಃಖವನ್ನು ಕೆದಕುವ ಅಧಿಕಾರವು ನಮಗಿಲ್ಲ. ಎರಡು ಸಂದರ್ಭಗಳಲ್ಲಿಯೂ ಪತ್ರಿಕೆಗಳು ಮಳೆಯನ್ನು ದೂರಿದವು. ಮಳೆಯು ಪ್ರತಿ ವರ್ಷವೂ ಬರುವ ಅತಿಥಿ. ಅದು ಬಂದಾಗ ಬಾಗಿಲು ಎಲ್ಲಿದೆಯೆಂದು ತಿಳಿದಿರಬೇಕಾದವರು ನಾವು.

ಇಲ್ಲಿ ಒಂದು ಲೆಕ್ಕವನ್ನು ಮಾಡೋಣ. ನಮ್ಮ ಎಂಟನೆಯ ತರಗತಿಯ ಹುಡುಗಿಯರು ಇದನ್ನು ಸುಲಭವಾಗಿ ಮಾಡುವರು. ಮನೆಯ ದೊಡ್ಡವರು ಒಮ್ಮೆ ಮಾಡಿ ನೋಡಿದರೆ ಒಳ್ಳೆಯದು. ಒಂದು ಎಕರೆಯೆಂದರೆ ಸುಮಾರು 4047 ಚದರ ಮೀಟರು. ಅದರ ಮೇಲೆ 50 ಮಿಲಿಮೀಟರು, ಎಂದರೆ ಎರಡಂಗುಲ, ಮಳೆ ಬಿದ್ದರೆ ನೀರಿನ ಪ್ರಮಾಣ ಸುಮಾರು 202 ಘನಮೀಟರು, ಅಥವಾ ಎರಡು ಲಕ್ಷ ಲೀಟರು. ಬೇಸಗೆಯಲ್ಲಿ ನಾವು ಹಣ ಕೊಟ್ಟು ತರಿಸುವ 6000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ಮೂವತ್ತಮೂರು ಲಾರಿಗಳಷ್ಟಾಗುವುದು. ಮೂವತ್ತು ನಲವತ್ತರ ನಿವೇಶನವೊಂದರ ಮೇಲೆ ಬೀಳುವ ಪಾಲು 5500 ಲೀಟರಿಗಿಂತ ಸ್ವಲ್ಪ ಹೆಚ್ಚು, ಸುಮಾರು ಒಂದು ಲಾರಿ. ನೆಲವು ಮಣ್ಣಿನದಾಗಿದ್ದು ಹುಲ್ಲು ಮರಗಳಿದ್ದರೆ ಇದರಲ್ಲಿ ಬಹುಭಾಗವು ಇಂಗುವುದು. ಉಳಿದದ್ದು ನಿಧಾನವಾಗಿ ಹರಿಯುವುದು. ಸಿಮೆಂಟು ಹಾಕಿದ ಅಂಗಳ, ಡಾಂಬರಿನ ರಸ್ತೆ, ಕಾಂಕ್ರೀಟಿನ ತಾರಸಿಗಳಾದರೆ ಬಹುಮಟ್ಟಿಗೆ ಎಲ್ಲವೂ ಒಂದೇ ಗಳಿಗೆಯಲ್ಲಿ ಮೋರಿಯ ಬಾಯಿಗೆ ಬರುವುದು. ಒಂದು ಬೀದಿಯಲ್ಲಿ ಐವತ್ತು ಮನೆಗಳಿದ್ದರೆ ಐವತ್ತು ಲಾರಿಗಳ ನೀರು, ಅದೂ ಪಾಠಶಾಲೆ ಬಿಡುವ ನಾಲ್ಕು ಗಂಟೆಯ ಹೊತ್ತಿಗೆ ಒಮ್ಮೆಲೇ ಬೀದಿಗೆ ಇಳಿಯುವುದೆಂದು ಯೋಚಿಸಿರಿ. ಮೇ ತಿಂಗಳಿನಲ್ಲಿಯೂ, ಮತ್ತೆ ಸೆಪ್ಟೆಂಬರು ಅಕ್ಟೋಬರುಗಳಲ್ಲಿಯೂ ನಮ್ಮಲ್ಲಿ ಗುಡುಗಿನ ಮಳೆಯು ಸಾಧಾರಣವಾಗಿ ಮಧ್ಯಾಹ್ನದ ಮೇಲೆಯೇ ಬರುವುದಷ್ಟೆ.

ಹರಿಯುವ ನೀರಿನ ಬಲವನ್ನು ನಮ್ಮ ಜನರು ಅದರ ಆಳದಿಂದ ಅಳೆಯುವರು. ಇದು ತಪ್ಪು. ವೇಗವು ಎರಡರಷ್ಟಾದರೆ ನೂಕುವ ಬಲವು ನಾಲ್ಕರಷ್ಟಾಗುವುದು. ವೇಗವು ಮೂರರಷ್ಟಾದರೆ ಬಲವು ಒಂಬತ್ತರಷ್ಟು. ಆದುದರಿಂದ ಇಳಿಜಾರಿನ ಬೀದಿಯಲ್ಲಿ ಅರ್ಧ ಅಡಿಯ ನೀರು ಸಹ ಬೆಳೆದವರ ಕಾಲನ್ನು ಜಾರಿಸಬಲ್ಲುದು. ಬೆನ್ನ ಮೇಲೆ ಪುಸ್ತಕದ ಚೀಲವನ್ನು ಹೊತ್ತ ಚಿಕ್ಕ ಹುಡುಗಿಯ ಗತಿಯನ್ನು ಹೇಳಬೇಕೆ? ಇಷ್ಟನ್ನಾದರೂ ಮಕ್ಕಳಿಗೆ ಕಲಿಸಿರಿ: ಹರಿಯುವ ನೀರನ್ನು ದಾಟಬಾರದು, ಚಪ್ಪಡಿಯ ಮೇಲೆ ನೀರಿದ್ದರೆ ಅದನ್ನು ತುಳಿಯಬಾರದು, ನೀರು ಇಳಿಯುವವರೆಗೆ ಪಾಠಶಾಲೆಯಲ್ಲಿಯೋ ಪರಿಚಿತವಾದ ಅಂಗಡಿಯಲ್ಲಿಯೋ ನಿಲ್ಲಬೇಕು, ತಡವಾದುದಕ್ಕೆ ಮನೆಯಲ್ಲಿ ಯಾರೂ ಗದರಿಸುವುದಿಲ್ಲ. ಕೊನೆಯ ಮಾತು ತಾಯಿತಂದೆಗಳಿಗೆ ಸೇರಿದ್ದು. ಎಷ್ಟೋ ಮಕ್ಕಳು ನೀರಿಗಿಂತಲೂ ಮನೆಯವರ ಕೋಪಕ್ಕೆ ಹೆಚ್ಚು ಹೆದರುವರು.

ಕಣಿವೆಯ ನೀರನ್ನು ಮರೆತರೆ ಶ್ರೀಮಂತರೂ ಉಳಿಯರೆಂಬುದು 2022ರ ಸೆಪ್ಟೆಂಬರಿನಲ್ಲಿ ಕಂಡುಬಂದಿತು. ನಗರದಲ್ಲಿ ಒಂದು ರಾತ್ರಿಯಲ್ಲಿ ಸುಮಾರು 13 ಸೆಂಟಿಮೀಟರು ಮಳೆ ಬಿದ್ದು, ಬೆಳ್ಳಂದೂರಿನ ಸುತ್ತಲಿನ ಬಡಾವಣೆಗಳಲ್ಲಿ ಲಕ್ಷಾಧಿಪತಿಗಳನ್ನು ಟ್ರ್ಯಾಕ್ಟರುಗಳ ಮೇಲೆಯೂ ದೋಣಿಗಳಲ್ಲಿಯೂ ಸಾಗಿಸಬೇಕಾಯಿತು. 2023ರ ಮೇ ತಿಂಗಳಿನಲ್ಲಿ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ ನೀರಿನಲ್ಲಿ ಕಾರು ಮುಳುಗಿ ತರುಣಿಯೊಬ್ಬಳು ತೀರಿಹೋದಳು. ಮೊದಲನೆಯ ಸ್ಥಳವು ಕಣಿವೆಯ ತಳ. ಎರಡನೆಯದು ವಿಧಾನಸೌಧದ ಸಮೀಪದ ಎತ್ತರದ ನೆಲ. ಎತ್ತರದಲ್ಲಿಯೂ ನಾವೇ ಒಂದು ಹಳ್ಳವನ್ನು ತೋಡಿದರೆ ನೀರು ಅದನ್ನು ಬಿಡುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಪಟ್ಟಣವನ್ನು ಬೀದಿ ಬೀದಿಯಾಗಿ ತಿದ್ದುವುದಕ್ಕೆ ಮೊದಲು ಅದರ ಕಣಿವೆಯನ್ನು ನೋಡಿರೆಂದು ಹೇಳಿದ ಮಹನೀಯರೊಬ್ಬರು ನೂರು ವರ್ಷಗಳಿಗೆ ಹಿಂದೆ ನಮ್ಮ ದೇಶದಲ್ಲಿಯೇ ಓಡಾಡಿದ್ದರು. ಅವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. ಮೊದಲು ಜೀವಶಾಸ್ತ್ರವನ್ನು ಕಲಿತವರು. 1914ರಲ್ಲಿ ಭಾರತಕ್ಕೆ ಬಂದು, 1919ರಿಂದ 1924ರ ವರೆಗೆ ಬೊಂಬಾಯಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದರು. ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯ ವಿಷಯವಾಗಿಯೂ ಅವರು 1915ರಲ್ಲಿ ವರದಿಯನ್ನು ಬರೆದರು. ಬೆಟ್ಟದಿಂದ ಸಮುದ್ರದವರೆಗಿನ ಕಣಿವೆಯನ್ನು ಒಂದೇ ಚಿತ್ರದಲ್ಲಿ ತೋರಿಸಿ, ಜನರ ಕಸುಬುಗಳೂ ಊರುಗಳೂ ಅದರಲ್ಲಿ ಹೇಗೆ ಕೂಡಿಕೊಂಡಿವೆ ಎಂದು ಕಲಿಸುವುದು ಅವರ ಪದ್ಧತಿ. ಆ ಕಾಲದ ಆರೋಗ್ಯಾಧಿಕಾರಿಗಳು ಮಲೇರಿಯಾದ ಭಯದಿಂದ ಕೆರೆಗಳನ್ನು ಮುಚ್ಚಬೇಕೆನ್ನುತ್ತಿದ್ದರು. ಗೆಡ್ಡಿಸರಾದರೋ ಕೆರೆಗಳನ್ನು ಶುಚಿಮಾಡಿ ಮೀನುಗಳನ್ನೂ ಬಾತುಗಳನ್ನೂ ಬಿಟ್ಟರೆ ಸೊಳ್ಳೆಯ ಮರಿಗಳನ್ನು ಅವೇ ತಿನ್ನುವುವೆಂದೂ, ಕೆರೆಯನ್ನು ಉಳಿಸಿಕೊಳ್ಳಬೇಕೆಂದೂ ವಾದಿಸಿದರು. ಈ ವಾದದಲ್ಲಿ ಯಾರು ಗೆದ್ದರೆಂಬುದನ್ನು ನಮ್ಮ ಬಸ್ ನಿಲ್ದಾಣವು ತೋರಿಸುತ್ತಿದೆ.

ದಾರಿಯ ವಿಷಯದಲ್ಲಿ ಅಮೆರಿಕಾದ ನ್ಯೂಜೆರ್ಸಿ ಸಂಸ್ಥಾನದ ರ‍್ಯಾಡ್‌ಬರ್ನ್ ಎಂಬ ಊರಿನ ಉದಾಹರಣೆಯನ್ನು ಹೇಳುವುದುಂಟು. ಕ್ಲಾರೆನ್ಸ್ ಸ್ಟೈನ್, ಹೆನ್ರಿ ರೈಟ್ ಎಂಬಿಬ್ಬರು ಅದನ್ನು ಯೋಜಿಸಿದರು. 1929ರಲ್ಲಿ ಜನರು ಅಲ್ಲಿ ವಾಸಕ್ಕೆ ಬಂದರು. ಮನೆಗಳ ಒಂದು ಮುಖವು ರಸ್ತೆಗೂ ಇನ್ನೊಂದು ಮುಖವು ಉದ್ಯಾನಕ್ಕೂ ತೆರೆದಿದ್ದು, ಮಕ್ಕಳು ಉದ್ಯಾನದೊಳಗಿನ ಕಾಲುದಾರಿಯಲ್ಲಿಯೇ ನಡೆದು, ಅಗತ್ಯವಾದಲ್ಲಿ ರಸ್ತೆಯ ಕೆಳಗಿನ ಸುರಂಗದಿಂದ ಹಾದು, ಒಂದು ಮೋಟಾರಿನ ಎದುರಿಗೂ ಬಾರದೆ ಪಾಠಶಾಲೆಯನ್ನು ಸೇರಬಹುದಾಗಿತ್ತು. ಅದೇ ವರ್ಷ ಪ್ರಾರಂಭವಾದ ಹಣಕಾಸಿನ ಮುಗ್ಗಟ್ಟಿನಿಂದ ಊರಿನ ಬಹುಭಾಗವು ಕಟ್ಟಲ್ಪಡಲಿಲ್ಲ. ಆದರೂ ಆ ತತ್ತ್ವವು ಲೋಕಕ್ಕೆಲ್ಲಾ ಹರಡಿತು. ಆಟದ ಬಯಲೇ ಪಾಠಶಾಲೆಯ ದಾರಿ ಎಂಬುದು ಅದರಲ್ಲಿ ನಾವು ಕಲಿಯಬೇಕಾದದ್ದು. ಸುರಂಗವನ್ನು ಮಾತ್ರ ನಾವು ನಕಲುಮಾಡಬಾರದು. ನಮ್ಮ ಮಳೆಯಲ್ಲಿ ಅದು ಬಾವಿಯಾಗುವುದು. ಮಳೆಯಿಲ್ಲದ ದಿನಗಳಲ್ಲಿ ಹುಡುಗಿಯೊಬ್ಬಳು ಒಂಟಿಯಾಗಿ ಹೋಗಲು ಅಂಜುವ ಕತ್ತಲೆಯಾಗುವುದು.

ಆಟದ ಬಯಲು ಮತ್ತು ನೀರು ಹೇಗೆ ಕೂಡಬಲ್ಲವೆಂಬುದಕ್ಕೆ ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ 2013ರಲ್ಲಿ ಸಿದ್ಧವಾದ ಬೆಂತೆಂಪ್ಲೈನ್ ಎಂಬ ಚೌಕವನ್ನು ನೋಡಬಹುದು. ವಿದ್ಯಾಶಾಲೆಯೊಂದರ ಪಕ್ಕದಲ್ಲಿರುವ ಈ ಚೌಕದಲ್ಲಿ ಮೂರು ತಗ್ಗುಗಳನ್ನು ಮಾಡಿದ್ದಾರೆ. ಅದರ ಯೋಜನೆಯಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯಗಳನ್ನೂ ಕೇಳಿದರು. ಬಿಸಿಲಿನ ದಿನಗಳಲ್ಲಿ ಅಲ್ಲಿ ಚೆಂಡಾಟ. ಬಿರುಮಳೆ ಬಂದಾಗ ಸುತ್ತಲಿನ ತಾರಸಿಗಳ ನೀರು ತಗ್ಗುಗಳಲ್ಲಿ ನಿಂತು ಸಾವಕಾಶವಾಗಿ ಹೊರಗೆ ಹೋಗುವುದು. ಒಟ್ಟು ಸುಮಾರು 17 ಲಕ್ಷ ಲೀಟರು ನೀರನ್ನು ಅದು ಹಿಡಿಯಬಲ್ಲುದು. ನಮ್ಮಲ್ಲಿಯೂ ಒಂದು ಎಕರೆಯ ಮೈದಾನವನ್ನು ಸುತ್ತಲಿನ ನೆಲಕ್ಕಿಂತ ಒಂದೇ ಅಡಿ ತಗ್ಗಿಸಿದರೆ 12 ಲಕ್ಷ ಲೀಟರಿಗೆ ಸ್ಥಳವಾಗುವುದು. ಮೇಲಿನ ಲೆಕ್ಕದ ಪ್ರಕಾರ ಆರು ಎಕರೆಗಳ ಮೇಲೆ ಬಿದ್ದ ಎರಡಂಗುಲದ ಮಳೆಯೆಲ್ಲಾ ಅದರಲ್ಲಿ ಅಡಗುವುದು. ಒಂದಡಿಯ ನೀರಾದರೂ ಚಿಕ್ಕ ಮಕ್ಕಳ ಪಾಲಿಗೆ ನೀರೇ. ಆದುದರಿಂದ ಅಂಚುಗಳು ಕಡಿದಾಗಿರದೆ ಇಳಿಜಾರಾಗಿರಬೇಕು, ಕಾವಲಿರಬೇಕು, ಒಳಗೆ ಬರುವ ನೀರಿನಲ್ಲಿ ಕಕ್ಕಸಿನ ಕೊಳಕು ಸೇರಿರಬಾರದು. ನಮ್ಮ ಮಳೆನೀರಿನ ಮೋರಿಗಳಲ್ಲಿ ಬೇಸಗೆಯಲ್ಲಿಯೂ ನೀರು ಹರಿಯುತ್ತಿರುವುದನ್ನು ಕಂಡವರಿಗೆ ಈ ಕೊನೆಯ ನಿಬಂಧನೆಯು ಎಷ್ಟು ಕಷ್ಟವಾದುದೆಂದು ತಿಳಿದೀತು.

ಕಾನೂನುಗಳು ಇಲ್ಲವೆಂದಲ್ಲ. ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ಕಾಯುವ ಕರ್ನಾಟಕದ ಅಧಿನಿಯಮವು 1985ರದು. ಅದೇ ವರ್ಷ ಕೆರೆಗಳ ಸಂರಕ್ಷಣೆಗಾಗಿ ಲಕ್ಷ್ಮಣರಾಯರ ಸಮಿತಿಯೂ ನೇಮಿಸಲ್ಪಟ್ಟಿತು. ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆಗೆ ಕೇಂದ್ರ ಸರ್ಕಾರವು 2010ರಲ್ಲಿ ಪ್ರಕಟಿಸಿದ ಮಾದರಿ ನಿಯಮಗಳಲ್ಲಿ ಒಂದು ಮಾತಿದೆ. ಚಿಕ್ಕ ತರಗತಿಗಳಿಗೆ ಒಂದು ಕಿಲೋಮೀಟರು, ಆರರಿಂದ ಎಂಟನೆಯ ತರಗತಿಗಳಿಗೆ ಮೂರು ಕಿಲೋಮೀಟರು ದೂರದೊಳಗೆ ಪಾಠಶಾಲೆಯಿರಬೇಕೆಂದು ಹೇಳಿ, ಪ್ರವಾಹದ ಭಯವಿದ್ದಲ್ಲಿ, ರಸ್ತೆಯಿಲ್ಲದಲ್ಲಿ, ಅಥವಾ ಮನೆಯಿಂದ ಬರುವ ದಾರಿಯಲ್ಲಿ ಎಳೆಯ ಮಕ್ಕಳಿಗೆ ಅಪಾಯವಿದ್ದಲ್ಲಿ ಆ ದೂರವನ್ನೂ ಕಡಮೆ ಮಾಡಿ ಅಪಾಯವನ್ನು ತಪ್ಪಿಸಬೇಕೆಂದು ಅದು ವಿಧಿಸುತ್ತದೆ. ಇದನ್ನು ಬರೆದವರ ಮನಸ್ಸಿನಲ್ಲಿ ಬೆಟ್ಟಗಾಡಿನ ಹಳ್ಳಿಗಳಿದ್ದಿರಬಹುದು. ಆದರೆ ಪ್ರವಾಹ, ರಸ್ತೆಯ ಅಭಾವ, ದಾರಿಯ ಅಪಾಯ, ಈ ಮೂರೂ ಸೆಪ್ಟೆಂಬರಿನ ಒಂದು ಸಂಜೆ ರಾಜಧಾನಿಯ ನಡುಬೀದಿಯಲ್ಲಿಯೇ ದೊರಕುವುವು.

ಮತ್ತೊಂದು ನಿಯಮವು ಇನ್ನೂ ಪ್ರಯೋಜನಕರವಾದುದು. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯು ಕೆರೆಯ ಸುತ್ತ 30 ಮೀಟರನ್ನೂ, ರಾಜಕಾಲುವೆಗಳ ಮಗ್ಗುಲಲ್ಲಿ ಅವುಗಳ ದರ್ಜೆಗೆ ತಕ್ಕಂತೆ 50, 25, 15 ಮೀಟರುಗಳನ್ನೂ ಕಟ್ಟಡಗಳಿಲ್ಲದೆ ಬಿಡಬೇಕೆಂದು ಹೇಳಿತು. 2016ರಲ್ಲಿ ಹಸಿರು ನ್ಯಾಯಮಂಡಲಿಯು ಕೆರೆಗೆ 75 ಮೀಟರುಗಳೆಂದು ವಿಸ್ತರಿಸಿ, ಕಾಲುವೆಗಳ ಅಂತರಗಳನ್ನೂ ಮಾರ್ಪಡಿಸಿತು. 2019ರಲ್ಲಿ ಸುಪ್ರೀಂ ಕೋರ್ಟು ಆ ಮಾರ್ಪಾಟನ್ನು ರದ್ದುಮಾಡಿತು. ನ್ಯಾಯದ ಸೂಕ್ಷ್ಮಗಳು ಹೇಗಾದರೂ ಇರಲಿ, ಉಳಿದಿರುವ ಪಟ್ಟಿಯಾದರೂ ಸಣ್ಣದಲ್ಲ. ನಗರದಲ್ಲಿ ರಾಜಕಾಲುವೆಗಳ ಉದ್ದವು ಎಂಟುನೂರು ಕಿಲೋಮೀಟರುಗಳಿಗೂ ಮಿಗಿಲು. ಅವುಗಳ ಬದಿಯ ತೆರಪಿನಲ್ಲಿ ನೆರಳಿನ ಮರಗಳೂ ದೀಪಗಳೂ ಗಟ್ಟಿಯಾದ ಕಟಕಟೆಯೂ ಉಳ್ಳ ಕಾಲುದಾರಿಗಳನ್ನು ಮಾಡಿದರೆ, ಮೋಟಾರು ಬಾರದ ಪಾಠಶಾಲೆಯ ದಾರಿಗಳು ನೂರಾರು ಸಿಕ್ಕುವುವು. ದಾರಿಯ ಸಂಚಾರವಿದ್ದಲ್ಲಿ ಕಸ ಸುರಿಯುವವರಿಗೂ ಒತ್ತುವರಿ ಮಾಡುವವರಿಗೂ ಅಂಜಿಕೆಯಿರುವುದು. ಮೆಜೆಸ್ಟಿಕ್ಕಿನ ಕಡೆಯಿಂದ ಬೆಳ್ಳಂದೂರಿನತ್ತ ಹೋಗುವ ಕೋರಮಂಗಲ ಕಣಿವೆಯ ರಾಜಕಾಲುವೆಯನ್ನು ಈ ರೀತಿ ತಿದ್ದುವ ಕೆ-100 ಎಂಬ ಪ್ರಯತ್ನವು 2021ರಲ್ಲಿ ಆರಂಭವಾಯಿತು. ನೋಡಲು ಅಂದವಾದ ಕಾಲುವೆಯನ್ನು ಮಾಡುವುದಕ್ಕಿಂತ ಅದರ ಎರಡು ದಡಗಳಲ್ಲಿರುವ ಪಾಠಶಾಲೆಗಳನ್ನು ಎಣಿಸಿ, ಯಾವ ಯಾವ ಬೀದಿಯಿಂದ ಮಕ್ಕಳು ಅದಕ್ಕೆ ಇಳಿಯಬಹುದೆಂದು ಗುರುತುಮಾಡುವುದೇ ಮುಖ್ಯವೆಂದು ನನ್ನ ಅಭಿಪ್ರಾಯ.

ದಾರಿಯ ಪ್ರಶ್ನೆಯು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ಹೆಚ್ಚು ಭಾರವಾದುದು. ದಾರಿಯಲ್ಲಿ ಅಪಾಯವಿದೆಯೆಂದು ತೋರಿದ ಕೂಡಲೇ ತಂದೆಯು ಮಗನಿಗೆ ಎಚ್ಚರಿಕೆಯಿಂದ ಹೋಗೆನ್ನುವನು, ಮಗಳಿಗೆ ಹೋಗಬೇಡವೆನ್ನುವನು. ನಮ್ಮ ರಾಜ್ಯದಲ್ಲಿ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಸೈಕಲ್ಲುಗಳನ್ನು ಹಂಚಿತು. ಅನೇಕ ಹುಡುಗಿಯರು ಅದರಿಂದ ಹೈಸ್ಕೂಲನ್ನು ಕಂಡರು. ಸೈಕಲ್ಲನ್ನು ಕೊಟ್ಟ ಕೈಯು ಅದು ಓಡಲು ಎರಡು ಗಜ ಅಗಲದ ದಾರಿಯನ್ನೂ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಪಟ್ಟಣದಲ್ಲಿ ಈಗ ವ್ಯಾನುಗಳೂ ಕಾರುಗಳೂ ಮಕ್ಕಳನ್ನು ತರುವುವು. ಆ ವಾಹನಗಳೇ ಗೇಟಿನ ಮುಂದೆ ನೆರೆದು, ನಡೆದು ಬರುವ ಬಡ ಹುಡುಗಿಯನ್ನು ಚಪ್ಪಡಿಯ ಅಂಚಿಗೆ ನೂಕುವುವು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದೇ ಮಹಾನಗರಪಾಲಿಕೆಯು ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳಾದವು. ಪಾಲಿಕೆಗಳು ಐದು, ಕಣಿವೆಗಳು ಮೂರು. ಒಂದು ಪಾಲಿಕೆಯು ಮೇಲಿನ ಮೋರಿಯನ್ನು ಅಗಲಮಾಡಿ ನೀರನ್ನು ಬೇಗನೆ ಕಳುಹಿಸಿದರೆ, ಕೆಳಗಿನ ಪಾಲಿಕೆಯ ಪಾಠಶಾಲೆಯ ಬಾಗಿಲಲ್ಲಿ ಅದು ಬೇಗನೆ ನಿಲ್ಲುವುದು. ಆದಕಾರಣ ಕಣಿವೆಗೊಂದರಂತೆ ಮೂರು ಯೋಜನೆಗಳನ್ನು ಮಾಡಿ, ಐದು ಪಾಲಿಕೆಗಳೂ ಅವುಗಳಿಗೆ ಬದ್ಧರಾಗಿರುವಂತೆ ಪ್ರಾಧಿಕಾರವು ನೋಡಿಕೊಳ್ಳಬೇಕೆಂದು ನಾವು ಕೇಳತಕ್ಕದ್ದು.

ಅದಕ್ಕೆ ಬೇಕಾದ ಮೊದಲ ನಕ್ಷೆಯನ್ನು ಪಾಠಶಾಲೆಗಳೇ ಸಿದ್ಧಮಾಡಬಹುದು. ಒಂದೊಂದು ಬೀದಿಯ ಹುಡುಗಿಯರು ಕೂಡಿ ತಮ್ಮ ದಾರಿಯನ್ನು ಕಾಗದದ ಮೇಲೆ ಬರೆಯಲಿ. ಒಡೆದ ಚಪ್ಪಡಿ ಎಲ್ಲಿದೆ, ಬಾಯಿ ತೆರೆದ ಮೋರಿ ಎಲ್ಲಿದೆ, ಮಳೆ ಬಂದ ದಿನ ನೀರು ಎಲ್ಲಿ ನಿಂತಿತ್ತು, ಎಷ್ಟು ಹೊತ್ತಿನಲ್ಲಿ ಇಳಿಯಿತು, ರಸ್ತೆ ದಾಟಲು ಎಷ್ಟು ಹೊತ್ತು ಕಾಯಬೇಕು, ದೀಪವಿಲ್ಲದ ತಿರುವು ಯಾವುದು, ಆಡಲು ತೆರೆದಿರುವ ಬಯಲು ಯಾವುದು, ಬೀಗ ಹಾಕಿರುವುದು ಯಾವುದು, ಎಂಬುದನ್ನೆಲ್ಲ ಗುರುತು ಹಾಕಲಿ. ತಾಯಿತಂದೆಗಳು ಒಂದು ಸಂಜೆ ಮಗಳೊಡನೆ ಅದೇ ದಾರಿಯಲ್ಲಿ ನಡೆದು ನಕ್ಷೆಯನ್ನು ಪರೀಕ್ಷಿಸಲಿ. ಎಂಜಿನಿಯರುಗಳಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ನೆಲದ ಏರಿಳಿತದ ನಕ್ಷೆಯ ಮೇಲೆ ಅದನ್ನು ಇಳಿಸಿ, ನೀರು ಯಾವ ಕಡೆಯಿಂದ ಬರುತ್ತಿದೆಯೆಂದು ತೋರಿಸಿಕೊಡಲಿ. ಇದೆಲ್ಲವೂ ಮಾರ್ಚಿಯ ಒಳಗೆ ಮುಗಿದು, ಬೇಸಗೆಯ ರಜಕ್ಕೆ ಮೊದಲೇ ಪಾಲಿಕೆಯ ಕಚೇರಿಗೆ ತಲುಪಬೇಕು. ಮೇ ತಿಂಗಳ ಮೊದಲ ಗುಡುಗಿಗೆ ಮುಂಚೆ ಹೂಳೆತ್ತುವ ಕೆಲಸವು ನಡೆಯಬೇಕಲ್ಲವೆ? ಕಚೇರಿಯವರು ನಕ್ಷೆಯನ್ನು ತೆಗೆದುಕೊಂಡುದಕ್ಕೆ ರಸೀತಿಯನ್ನು ಕೇಳಿ ಪಡೆಯಿರಿ, ಮತ್ತು ಅದರ ಒಂದು ಪ್ರತಿಯನ್ನು ಪಾಠಶಾಲೆಯ ಗೇಟಿನ ಒಳಗೋಡೆಯ ಮೇಲೆ, ಚಿಕ್ಕ ಮಕ್ಕಳ ಕಣ್ಣಿಗೆ ಎಟಕುವ ಎತ್ತರದಲ್ಲಿ, ಅಂಟಿಸಿರಿ.